ಮೀಟರ್ ಬೋರ್ಡಿನ ಬೊಟ್ಟು

ಎರ್ರಿಯಪ್ಪ: ಲೇ ಹನುಮೇಶ, ನಾ ಹೇಳಿದ್ದೇನು, ನೀ ಮಾಡಿದ್ದೇನು? ಮೀಟರ್ ಬೋರ್ಡ್ ಚಂದ ಕಾಣ್ಲಿ, ಎಲ್‌ಇಡಿ ಹಾಕು ಅಂದ್ರ, ಗಾಡಿ ರೋಗ ಚಂದ ಕಾಣಂಗ ಮಾಡಿಯಲ್ಲೋ!

ಹನುಮೇಶ್: ಎಲ್‌ಇಡಿ ಅಂದ್ರ ಬೆಳಕು ಅಣ್ಣ. ಇದನ್ನ ತೋರ್ಸು, ಅದನ್ನ ಮುಚ್ಚು ಅಂತ ಬೆಳಕಿಗೆ ಹೇಳಾಕ ಬರ್ತೈತೇನು?

ಎರ್ರಿಯಪ್ಪ: ಹಳೇ ಬಲ್ಬ್ ಇದ್ದಾಗ ಆ ಕೆಂಪು ಲೈಟು ಬೀಡಿ ಕಿಡಿ ಇದ್ದಂಗಿತ್ತು. ಕಂಡ್ರ ಕಾಣ್ತಿತ್ತು, ಇಲ್ಲಾಂದ್ರ ಇಲ್ಲ. ಈಗ ನೋಡು, ರೈಲ್ವೆ ಸಿಗ್ನಲ್ ಆಗೈತಿ. ಹಾದ್ಯಾಗ ಹೋಗೋ ಲಾರಿ ನಿಂದರ್ತಾವು!

ತಾಯಕ್ಕ: ಅದೆಲ್ಲ ಇರ್ಲಿ. ಆ ಲೈಟು ಯಾಕ ಹತ್ತೈತಿ?

ಎರ್ರಿಯಪ್ಪ: ನೀ ಸುಮ್ಕ ಕುಂದ್ರು. ಇಲ್ಲಿ ಟೆಕ್ನಿಕಲ್ ಮಾತು ನಡದೈತಿ.

ಹೊಸಪೇಟೆಯ ಸಂಡೂರು ರಸ್ತೆಯ ಬದಿಯಲ್ಲಿ ಒಂದು ಬೇವಿನ ಮರ. ಅದರ ನೆರಳು ಸಾಲದೆಂದು ತಗಡಿನ ಚಪ್ಪರವನ್ನೂ ಸೇರಿಸಿಕೊಂಡು ಹನುಮೇಶ್ ವಾಹನಗಳ ವಿದ್ಯುತ್ ರಿಪೇರಿ ಅಂಗಡಿಯನ್ನು ನಡೆಸುತ್ತಾನೆ. ಚಪ್ಪರದ ಕೆಳಗೆ ನಿಂತಿರುವುದು ಎರ್ರಿಯಪ್ಪನ ಜೀಪು. ಒಂದು ಕಾಲಕ್ಕೆ ಅದು ಬಿಳಿಯ ಬಣ್ಣದ್ದಾಗಿತ್ತು. ಮೆಟ್ರಿಯ ಬೀಗರನ್ನೂ ಕಂಪ್ಲಿಯ ಮದುಮಕ್ಕಳನ್ನೂ ಹೊತ್ತು, ಹಂಪಿಯ ಶಾಲಾ ಪ್ರವಾಸಗಳಲ್ಲಿ ಒಂದೇ ಬಾರಿಗೆ ಹದಿನೆಂಟು ಮಕ್ಕಳನ್ನು ನುಂಗಿ, ಯಾರಿಗೂ ಏನೂ ಆಗದಂತೆ ಇಳಿಸಿದ ಪುಣ್ಯವಂತ ವಾಹನವದು. ಈಗ ಅದರ ಬಣ್ಣ ಸಂಡೂರಿನ ಕೆಂಪು ದೂಳಿನದು.

ತಾಯಕ್ಕ ಎರ್ರಿಯಪ್ಪನ ಹೆಂಡತಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆಕೆಯ ರೊಟ್ಟಿ ಖಾನಾವಳಿ ಇದೆ. ಆಕೆ ಈ ದಿನ ಖಾನಾವಳಿಯನ್ನು ನೆರೆಮನೆಯ ಗಂಗಾಳಿಗೆ ಒಪ್ಪಿಸಿ, ಗಂಡನ ಜೊತೆಗೆ ಬಂದು ಟೈರಿನ ಮೇಲೆ ಕುಳಿತಿರುವುದಕ್ಕೆ ಕಾರಣವಿದೆ. ಸಂಡೂರಿನ ಒಂದು ಗಣಿಯವರಿಗೆ ಕೆಲಸಗಾರರನ್ನು ಹೊಸಪೇಟೆಯಿಂದ ಕರೆದೊಯ್ಯಲು ಜೀಪು ಬೇಕಾಗಿತ್ತು. ಸಂಜೆ ನಾಲ್ಕಕ್ಕೆ ಅವರ ಅಂಗಳದಲ್ಲಿ ತಪಾಸಣೆ. ಜೀಪು ಪಾಸಾದರೆ ಎರ್ರಿಯಪ್ಪನಿಗೆ ಸ್ಟೇರಿಂಗು. ಫೇಲಾದರೆ ಸೋಮವಾರ ಜೀಪು ಗುಜರಿಗೆ, ಎರ್ರಿಯಪ್ಪ ಖಾನಾವಳಿಗೆ. ಇದು ತಾಯಕ್ಕನ ತೀರ್ಪು.

ಎರ್ರಿಯಪ್ಪ: ಹನುಮೇಶ, ನಿನಗ ಗೊತ್ತಿಲ್ಲ. ಫೇಲಾದ್ರ ಇಕಿ ನನ್ನ ಕೈಯಾಗ ಶೇಂಗಾ ಚಟ್ನಿ ಕುಟ್ಟಸ್ತಾಳ. ಸ್ಟ್ಯಾಂಡಿನ ಡ್ರೈವರ್‌ಗಳೆಲ್ಲ ಅಲ್ಲೇ ಉಣ್ಣಾಕ ಬರೋರು. ಮೂವತ್ತು ವರ್ಷ ಓವರ್‌ಟೇಕ್ ಮಾಡಿದೋರಿಗೆ ನೀರು ಕೊಡೋದು ಹೆಂಗೋ ಮಾರಾಯ?

ತಾಯಕ್ಕ: ಎಡಗೈಲೆ ಕೊಡಬ್ಯಾಡ್ರಿ, ಬಲಗೈಲೆ ಕೊಡ್ರಿ. ಅಷ್ಟ.

ಹನುಮೇಶ್: ತಪಾಸಣಿಗೆ ಏನೇನು ನೋಡ್ತಾರಂತ ಅಣ್ಣ?

ಎರ್ರಿಯಪ್ಪ: ಸುಂಕಪ್ಪನ ಗಾಡಿ ಹೋದ ವರ್ಷ ಪಾಸಾತಲ್ಲ, ಅವನ್ನ ಕೇಳಿದೆ. ಟೈರು ನೋಡ್ತಾರ, ಬ್ರೇಕ್ ನೋಡ್ತಾರ, ಬೆಲ್ಟ್ ನೋಡ್ತಾರ. ಅವೆಲ್ಲ ಮಾಡ್ಸೀನಿ. ಆಮ್ಯಾಲೆ ಮೀಟರ್ ಬೋರ್ಡಿಗೆ ಬರ್ತಾರ. ಅಲ್ಲಿ ಕೆಂಪು ಲೈಟು ಒಂದೂ ಹತ್ತಿರಬಾರದಂತ. ಹತ್ತಿತ್ತೋ, ವಾಪಸ್.

ತಾಯಕ್ಕ: ಹಂಗಂದ್ರ ಅದು ಯಾಕ ಹತ್ತೈತಿ ಅಂತ ಮೊದಲು ನೋಡ್ಬೇಕಲ್ಲ?

ಎರ್ರಿಯಪ್ಪ: ಅದು ಹಳೇ ಗಾಡಿ. ವಯಸ್ಸಾದ ಮ್ಯಾಲೆ ಕಣ್ಣು ಕೆಂಪಾಗ್ತಾವು.

ಹನುಮೇಶ್ ಇಂಜಿನ್ ಚಾಲೂ ಇದ್ದ ಜೀಪಿನೊಳಕ್ಕೆ ತಲೆಯನ್ನು ತೂರಿಸಿ, ಹೊಸ ಬಿಳಿಯ ದೀಪಗಳ ಬೆಳಕಿನಲ್ಲಿ ಮೀಟರ್ ಬೋರ್ಡನ್ನು ನೋಡಿದ. ಅಲ್ಲಿ ಸಾಲಾಗಿ ಮೂರು ಕೆಂಪು ಗಾಜುಗಳು: ಇಂಜಿನ್ ಎಣ್ಣೆಯದೊಂದು, ಬ್ಯಾಟರಿಯದೊಂದು, ಹ್ಯಾಂಡ್ ಬ್ರೇಕಿನದೊಂದು. ಹತ್ತಿಕೊಂಡಿದ್ದುದು ಎಣ್ಣೆಯ ದೀಪ. ಆದರೆ ಅದರ ನಡುವೆ ಏನೋ ಗುಂಡಗಿನ ಕಪ್ಪು ನೆರಳು.

ಹನುಮೇಶ್: ಅಣ್ಣ, ಇಲ್ಲೇನೋ ಅಂಟೇತಿ.

ಎರ್ರಿಯಪ್ಪ: ಇರ್ಲಿ ಬಿಡು. ಕಂಪನಿಯಿಂದ ಬರುವಾಗ್ಲೇ ಇತ್ತು.

ಹನುಮೇಶ್: ಕಂಪನಿಯೋರು ಸ್ಟಿಕ್ಕರ್ ಬೊಟ್ಟು ಹಚ್ಚಿ ಕಳಸ್ತಾರಾ ಅಣ್ಣ?

ಟೈರಿನ ಮೇಲಿದ್ದ ತಾಯಕ್ಕ ಎದ್ದು ನಿಂತಳು.

ತಾಯಕ್ಕ: ಏನಂದಿ? ಬೊಟ್ಟಾ? ಇವ್ರ ಗಾಡ್ಯಾಗಾ? ಯಾರದದು?

ಎರ್ರಿಯಪ್ಪ: ಯಾರದರೆ ಇರಬೌದು. ಪ್ಯಾಸೆಂಜರ್ ಹತ್ತಿ ಇಳೀತಾರ.

ತಾಯಕ್ಕ: ಹತ್ತಿ ಇಳಿಯೋರು ಹಿಂದಿನ ಸೀಟಿನ್ಯಾಗ ಕುಂದರ್ತಾರ. ಇದು ಸ್ಟೇರಿಂಗ್ ಹಿಂದಕ ಐತಿ. ಅಲ್ಲಿಗೆ ಯಾವಾಕಿ ಹಣಿ ತಂದ್ಲು?

ಹನುಮೇಶ್: ಅಕ್ಕ, ಭಾಳ ಮನಸಿಗೆ ಹಚ್ಚಿಕೋಬ್ಯಾಡ್ರಿ. ಎಷ್ಟೋ ಗಾಡ್ಯಾಗ ಇರ್ತಾವು. ಕನ್ನಡಿಗೆ ಹಚ್ಚಿರ್ತಾರ, ಬಾಗಿಲಿಗೆ ಹಚ್ಚಿರ್ತಾರ...

ಎರ್ರಿಯಪ್ಪ: ಲೇ, ನೀ ನನ್ನ ಪರವಾಗಿ ಮಾತಾಡಬ್ಯಾಡೋ. ನಿನ್ನ ಕೈ ಮುಗೀತೀನಿ.

ತಾಯಕ್ಕ ಗಂಡನನ್ನು ಸರಿಸಿ, ಜೀಪಿನೊಳಕ್ಕೆ ಕೈ ಚಾಚಿ, ಉಗುರಿನಿಂದ ಕೆರೆದು ಅದನ್ನು ತೆಗೆದಳು. ಒಂದಲ್ಲ, ಒಂದರ ಮೇಲೊಂದರಂತೆ ಮೂರು ಬೊಟ್ಟುಗಳು. ಬೆಳಕಿಗೆ ಹಿಡಿದು ನೋಡಿದಳು. ಮುಖದ ಮೇಲಿನ ಸಿಟ್ಟು ಒಂದು ಓಣಿಯಿಂದ ಇನ್ನೊಂದು ಓಣಿಗೆ ತಿರುಗಿತು.

ತಾಯಕ್ಕ: ಬಂಗಾರದ ಅಂಚಿನ ಕುಂಕುಮ ಬಣ್ಣದ್ದು! ಇವು ನನ್ನವು!

ಎರ್ರಿಯಪ್ಪ: ನೋಡಿದ್ಯಾ? ನಿನ್ನವೇ. ಬ್ಯಾರೇಯಾಕಿ ಮಾತೇ ಇಲ್ಲ. ಇನ್ನರೆ ಕುಂದ್ರು.

ತಾಯಕ್ಕ: ಕುಂದ್ರೋದೇನು? ಎರಡು ತಿಂಗಳಿಂದ ನನ್ನ ಬೊಟ್ಟಿನ ಪಾಕೀಟು ಖಾಲಿ ಆಗಾಕತ್ತಿತ್ತು. ಗಂಗಾ ತಗೊಂಡಾಳಂತ ಆಕಿ ಕೂಡ ನಾ ಸರಿಯಾಗಿ ಮಾತಾಡವಲ್ಲೆ! ಮುಂಜಾನಿ ಬಂದು ಹಿಟ್ಟು ನಾದಿ, ಮಾತಾಡದಂಗ ಮನಿಗೆ ಹೋಗ್ತಾಳ ಪಾಪ. ಕಳ್ಳ ಇಲ್ಲಿ ಕುಂತಾನ!

ಎರ್ರಿಯಪ್ಪ: ಕದ್ದದ್ದಲ್ಲ, ಮನಿ ಸಾಮಾನು ಮನಿ ಗಾಡಿಗೆ ಹಾಕೀನಿ. ದರೋಜಿಗೆ ಒಂದು ಪಾರ್ಟಿ ಕರಕೊಂಡು ಹೋಗಿದ್ದೆ, ಕರಡಿ ನೋಡಾಕ. ಅದರಾಗ ಒಬ್ಬ ಮುಂದ ಕುಂತಾವ, ಕರಡಿ ಬಿಟ್ಟು ಈ ಲೈಟು ನೋಡಾಕ ಶುರು ಮಾಡಿದ. ಅದೇನು, ಅದೇನು ಅಂತ ಜೀವ ತಿಂದ.

ಹನುಮೇಶ್: ಏನಂತ ಹೇಳಿದಿ?

ಎರ್ರಿಯಪ್ಪ: ನಮ್ಮ ಮನಿ ದೇವ್ರ ದೀಪ, ಆರಬಾರದು ಅಂತಂದೆ. ಅವ ಕೈ ಮುಗದ. ಆದ್ರ ಬರುವಾಗ ಬ್ಯಾರೆ ಗಾಡಿ ಹತ್ತಿ ಬಂದ. ಅವತ್ತಿನಿಂದ ಬೊಟ್ಟು ಹಚ್ಚಾಕತ್ತಿದೆ. ಒಂದು ಹಚ್ಚಿದ್ರ ಬೆಳಕು ಬರ್ತಿತ್ತು, ಎರಡು ಹಚ್ಚಿದೆ. ಬಿಸಿಲಿಗೆ ಉದುರ್ತಿದ್ವು, ಮತ್ತ ಹಚ್ಚಿದೆ.

ತಾಯಕ್ಕ: ಕುಕ್ಕರ್ ಸೀಟಿ ಹೊಡೀತಂದ್ರ ನಾವು ಒಲಿ ಸಣ್ಣ ಮಾಡ್ತೀವಿ. ನೀವಾಗಿದ್ರ ಸೀಟಿ ಬಾಯಿಗೆ ಅರಿವಿ ತುರುಕಿರ್ತಿದ್ರಿ.

ಎರ್ರಿಯಪ್ಪ: ನಿನ್ನ ಕುಕ್ಕರ್ ಬ್ಯಾರೆ, ನನ್ನ ಇಂಜಿನ್ ಬ್ಯಾರೆ. ಗಾಡಿ ವಿಷಯ ಗಾಡಿ ಓನರ್‌ಗೆ ಬಿಡು.

ತಾಯಕ್ಕ: ಓನರ್ ಯಾರು? ಆರ್‌ಸಿ ತಗದು ನೋಡ್ರಿ. ಎರಡೆಳಿ ಸರ ಮಾರಿ ತಗೊಂಡದ್ದು ನಾನು, ಹೆಸರು ನಂದು. ಈಗ ಓನರ್ ಕೇಳಾಕತ್ತಾಳ, ಆ ಲೈಟು ಯಾಕ ಹತ್ತೈತಿ?

ಇಬ್ಬರು ಗಂಡಸರೂ ಈ ಪ್ರಶ್ನೆಯನ್ನು ಕೇಳಿಸಿಕೊಂಡರು. ಇಬ್ಬರೂ ಬೇವಿನ ಮರವನ್ನು ನೋಡಿದರು. ಅಲ್ಲಿ ಉತ್ತರವಿರಲಿಲ್ಲ.

ಹನುಮೇಶ್: ಅಣ್ಣ, ಒಂದು ಉಪಾಯ ಐತಿ. ಬೊಟ್ಟು ಹಚ್ಚಿದ್ರ ಆಫೀಸರ್ ಬೆರಳಿಲೆ ಕೆರದು ತಗೀತಾರ. ಬಿಳೀ ಎಲ್‌ಇಡಿ ಬ್ಯಾಡ, ನೀಲಿ ಹಾಕ್ತೀನಿ. ನೀಲಿ ಬೆಳಕು ಕೆಂಪು ಗಾಜಿನ್ಯಾಗಿಂದ ಹೊರಗ ಬರಾದೇ ಇಲ್ಲ. ಲೈಟು ಒಳಗ ಹತ್ತೇ ಇರ್ತೈತಿ, ಹೊರಗ ಕತ್ಲಿ.

ಎರ್ರಿಯಪ್ಪ: ಖರೇನ?

ಹನುಮೇಶ್: ಖರೆ. ಮೀಟರ್ ಮಾತ್ರ ನೀಲಿ ನೀಲಿ, ಮಸ್ತ್ ಕಾಣ್ತೈತಿ. ಕೆಂಪಂತೂ ಹುಡುಕಿದ್ರೂ ಸಿಗಲ್ಲ.

ತಾಯಕ್ಕ: ಅಂದ್ರ ರೋಗ ಹೋಗಲ್ಲ, ಕಾಣಾದಿಲ್ಲ ಅಷ್ಟ.

ಹನುಮೇಶ್: ಕಾಣಲಿಲ್ಲಾಂದ್ರ ಅರ್ಧ ಹೋದಂಗ ಅಕ್ಕ.

ತಾಯಕ್ಕ: ಇನ್ನರ್ಧ?

ಹನುಮೇಶ್: ಇನ್ನರ್ಧ ಇಂಜಿನ್ ಮೆಕ್ಯಾನಿಕ್‌ಗೆ ಬರ್ತೈತಿ. ನಾನು ಎಲೆಕ್ಟ್ರಿಕಲ್. ಅವ್ರ ಕೆಲಸದಾಗ ನಾನು ಕೈ ಹಾಕಬಾರದು.

ತಾಯಕ್ಕ: ನಮ್ಮ ಓಣ್ಯಾಗ ಚರಂಡಿ ಒಡದು ಆರು ತಿಂಗಳಾತು. ನೀರಿನೋರು ರಸ್ತೆಯೋರ್ನ ತೋರಸ್ತಾರ, ರಸ್ತೆಯೋರು ನೀರಿನೋರ್ನ ತೋರಸ್ತಾರ. ಕಡೀಗೆ ಒಬ್ರು ಬಂದು ಅದರ ಮುಂದ ಒಂದು ಕಂಬ ನಿಲ್ಸಿ ಬಣ್ಣದ ಸೀರಿಯಲ್ ಲೈಟ್ ಸುತ್ತಿ ಹೋದ್ರು. ನೀನೂ ಅವ್ರ ಪೈಕಿನೋ ಏನಪ್ಪ?

ಹನುಮೇಶ್: ಆ ಸೀರಿಯಲ್ ಲೈಟ್ ನಾನೇ ಹಾಕಿದ್ದು ಅಕ್ಕ. ಆರು ತಿಂಗಳಾತು, ಒಂದೂ ಕೆಟ್ಟಿಲ್ಲ.

ನೀಲಿ ದೀಪಗಳು ಬಂದವು. ಹನುಮೇಶ್ ಬೆಳಿಗ್ಗೆ ಕಿತ್ತಿದ್ದ ಹಳೆಯ ಬಲ್ಬುಗಳನ್ನು ಕಸದ ಡಬ್ಬಿಗೆ ಎಸೆಯಲು ಹೋದಾಗ ತಾಯಕ್ಕ ಅವುಗಳನ್ನು ಇಸಿದುಕೊಂಡು, ಸೆರಗಿನ ತುದಿಗೆ ಹಾಕಿ ಗಂಟು ಕಟ್ಟಿದಳು. ಉರಿಯುವ ವಸ್ತುವನ್ನು ಎಸೆಯುವುದು ಆಕೆಯ ಕೈಗೆ ಬಾರದ ಕೆಲಸ. ಮೂರು ಬೊಟ್ಟುಗಳಲ್ಲಿ ಇನ್ನೂ ಅಂಟು ಉಳಿದಿದ್ದ ಒಂದನ್ನು ಕೈಗಡಿಯಾರದ ಪಟ್ಟಿಗೆ ಅಂಟಿಸಿಕೊಂಡಳು.

ಎರ್ರಿಯಪ್ಪ ಕೀಲಿಯನ್ನು ತಿರುಗಿಸಿದ. ಮೀಟರ್ ಬೋರ್ಡು ಮದುವೆ ಮನೆಯ ಆರ್ಕೆಸ್ಟ್ರಾ ವೇದಿಕೆಯಂತೆ ನೀಲಿಯಾಗಿ ಬೆಳಗಿತು. ಕೆಂಪು ಎಂಬುದು ಎಲ್ಲಿಯೂ ಇರಲಿಲ್ಲ.

ಎರ್ರಿಯಪ್ಪ: ಆಹಾ! ಹನುಮೇಶ, ಕೈ ಕೊಡೋ. ಇಂಜಿನ್ ಸೌಂಡ್ ಸುದ್ದ ಸಣ್ಣಾಗೈತಿ!

ಹನುಮೇಶ್: ಅಣ್ಣ, ಇಂಜಿನ್ ಇನ್ನಾ ಚಾಲೂ ಮಾಡಿಲ್ಲ.

ಎರ್ರಿಯಪ್ಪ: ಅದಕ್ಕೇ ಅಂದೆ, ಎಷ್ಟು ಸಣ್ಣಾಗೈತಿ ಅಂತ.

ಸಂಡೂರಿನ ಕಡೆಗೆ ಏರು ದಾರಿ. ಎರಡು ಕಡೆಯೂ ಗುಡ್ಡ. ಮುಂದೆ ಅದಿರಿನ ಲಾರಿ, ಹಿಂದೆ ಅದಿರಿನ ಲಾರಿ. ನಡುವೆ ನೀಲಿ ಬೆಳಕಿನ ಜೀಪು.

ಎರ್ರಿಯಪ್ಪ: ನೋಡಿದ್ಯಾ, ಏರಿನ್ಯಾಗ ಹೆಂಗ ಎಳೀತೈತಿ! ಎಲ್‌ಇಡಿ ಹಾಕಿದ ಮ್ಯಾಲೆ ಪಿಕಪ್ ಹೆಚ್ಚಾಗೈತಿ.

ತಾಯಕ್ಕ: ಆ ಟಕಟಕ ಅನ್ನೋ ಸಪ್ಪಳ ಏನು?

ಎರ್ರಿಯಪ್ಪ: ಅದು ಡೀಸೆಲ್ ಇಂಜಿನ್. ಮಾತಾಡ್ತೈತಿ.

ತಾಯಕ್ಕ: ಏನಂತ ಮಾತಾಡ್ತೈತಿ?

ಎರ್ರಿಯಪ್ಪ: ನನಗೇನು ಗೊತ್ತು?

ತಾಯಕ್ಕ: ಮೂವತ್ತು ವರ್ಷ ಜತಿಗಿದ್ದು ಅದರ ಮಾತು ತಿಳೀವಲ್ದು. ನನ್ನ ಮಾತು ತಿಳೀತೈತಂತ ನಾನು ಹೆಂಗ ತಿಳಕೊಳ್ಳಿ?

ಗಣಿಯವರ ಅಂಗಳದಲ್ಲಿ ಆಗಲೇ ನಾಲ್ಕು ವಾಹನಗಳು ನಿಂತಿದ್ದವು. ಅವುಗಳಲ್ಲೊಂದು ವರ್ಷದ ತಪಾಸಣೆಗೆಂದು ಮತ್ತೆ ಬಂದಿದ್ದ ಸುಂಕಪ್ಪನ ಗಾಡಿ. ತಪಾಸಣೆ ಮಾಡುತ್ತಿದ್ದವಳು ಶಿಲ್ಪಶ್ರೀ ಎಂಬ ಯುವತಿ. ಗಣಿಯ ಸುರಕ್ಷತಾ ಅಧಿಕಾರಿ. ತಲೆಯ ಮೇಲೆ ಹಳದಿ ಹೆಲ್ಮೆಟ್, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದ. ಐದಕ್ಕೆ ಗೇಟು ಮುಚ್ಚುತ್ತಾರೆಂದು ಮೊದಲೇ ಹೇಳಿಬಿಟ್ಟಿದ್ದಳು. ಎರ್ರಿಯಪ್ಪನ ಸರದಿ ಬಂದಾಗ ನಾಲ್ಕೂವರೆ ದಾಟಿತ್ತು. ಟೈರು ಸರಿಹೋಯಿತು, ಬ್ರೇಕು ಸರಿಹೋಯಿತು, ಬೆಲ್ಟು ಸರಿಹೋಯಿತು.

ಶಿಲ್ಪಶ್ರೀ: ಈಗ ಕೀ ಆನ್ ಮಾಡ್ರಿ. ಸ್ಟಾರ್ಟ್ ಮಾಡಬ್ಯಾಡ್ರಿ, ಬರೇ ಆನ್.

ಎರ್ರಿಯಪ್ಪ: ಮಾಡಿದ್ನಿ ಮೇಡಂ. ನೋಡ್ರಿ, ಒಂದೂ ಕೆಂಪು ಲೈಟಿಲ್ಲ!

ಶಿಲ್ಪಶ್ರೀ: ಅದನ್ನೇ ಕೇಳಾಕತ್ತೀನಿ. ಯಾಕಿಲ್ಲ?

ಎರ್ರಿಯಪ್ಪ: ಗಾಡಿ ಅಷ್ಟು ಕಂಡೀಷನ್ ಐತಿ ಮೇಡಂ.

ಶಿಲ್ಪಶ್ರೀ: ಕಂಡೀಷನ್ ಇದ್ರ ಹತ್ತಬೇಕಿತ್ತು.

ಎರ್ರಿಯಪ್ಪ: ಹತ್ತಿದ್ರ ವಾಪಸ್ ಕಳಸ್ತೀರಂತ ಕೇಳಿದ್ದೆ?

ಶಿಲ್ಪಶ್ರೀ: ಇಂಜಿನ್ ಚಾಲೂ ಆದ ಮ್ಯಾಲೆ ಹತ್ತಿದ್ರ ಕಳಸ್ತೀನಿ. ಕೀ ಆನ್ ಮಾಡಿದಾಗ ಮೂರೂ ಹತ್ತಬೇಕು, ಸ್ಟಾರ್ಟ್ ಆದ ಮ್ಯಾಲೆ ಒಂದೊಂದೇ ಆರಬೇಕು. ಹತ್ತದ ಇರೋ ಲೈಟು ಆರೈತಿ ಅಂತ ನಾನು ಹೆಂಗ ಬರೀಲಿ?

ಎರ್ರಿಯಪ್ಪ ಸಾಲಿನಲ್ಲಿ ನಿಂತಿದ್ದ ಸುಂಕಪ್ಪನ ಕಡೆಗೆ ತಿರುಗಿದ.

ಎರ್ರಿಯಪ್ಪ: ಲೇ ಸುಂಕಪ್ಪ! ಒಂದೂ ಹತ್ತಬಾರದು ಅಂದಿದ್ದಿ?

ಸುಂಕಪ್ಪ: ಆರಬೇಕು ಅಂತ ಹೇಳಿದ್ದೆ. ಮೊದಲು ಹತ್ತಬೇಕು ಅನ್ನೋದು ಎಲ್ರಿಗೂ ಗೊತ್ತಿರ್ತೈತಿ ಅಂತ ಬಿಟ್ಟಿದ್ದೆ.

ಶಿಲ್ಪಶ್ರೀ: ಮೂವತ್ತು ವರ್ಷ ಗಾಡಿ ಹೊಡದೀರಿ ಅಂತ ಅರ್ಜ್ಯಾಗ ಬರದೀರಿ. ಇದನ್ನ ಒಮ್ಮೆರೆ ನೋಡಿಲ್ಲೇನ್ರಿ?

ಎರ್ರಿಯಪ್ಪ: ನಾನು ಕೀ ತಿರುವಿದ್ನಿ ಅಂದ್ರ ಸ್ಟಾರ್ಟೇ ಮಾಡೋನು ಮೇಡಂ. ನಡಬರಕ ನಿಂತು ನೋಡೋ ಚಟ ಇಲ್ಲ.

ಶಿಲ್ಪಶ್ರೀ: ಬಲ್ಬ್ ಏನು ಮಾಡೀರಿ?

ಎರ್ರಿಯಪ್ಪ: ಎಲ್‌ಇಡಿ ಹಾಕ್ಸೀನಿ. ಹೊಸದು. ಇವತ್ತ ಹಾಕ್ಸಿದ್ದು, ನಿಮ್ಮ ಸಲುವಾಗಿ.

ಶಿಲ್ಪಶ್ರೀ: ನನ್ನ ಸಲುವಾಗಿ?

ಎರ್ರಿಯಪ್ಪ: ಬೊಟ್ಟು ಹಚ್ಚಿದ್ದು ಚಂದ ಕಾಣ್ತಿರಲಿಲ್ಲ ಮೇಡಂ, ಅದಕ್ಕ...

ಶಿಲ್ಪಶ್ರೀ: ಯಾರಿಗೆ ಬೊಟ್ಟು ಹಚ್ಚಿದ್ರಿ?

ತಾಯಕ್ಕ: ಇವ್ರನ್ನ ಕೇಳಬ್ಯಾಡ್ರಿ ಮೇಡಂ. ಹೇಳಿದಷ್ಟೂ ಒಳಗ ಹೊಕ್ಕೊಂಡು ಹೋಗ್ತಾರ.

ಶಿಲ್ಪಶ್ರೀ ಕಾಗದದ ಮೇಲೆ ಅಡ್ಡಗೆರೆಯೊಂದನ್ನು ಎಳೆಯಲು ಪೆನ್ನನ್ನು ಎತ್ತಿದಳು. ಆ ಪೆನ್ನಿನ ತುದಿಯಲ್ಲಿ ಎರ್ರಿಯಪ್ಪನಿಗೆ ಒಂದು ಒರಳು, ಒಂದು ಒನಕೆ, ಒಂದು ಪುಟ್ಟಿ ಶೇಂಗಾ ಸ್ಪಷ್ಟವಾಗಿ ಕಂಡವು.

ಎರ್ರಿಯಪ್ಪ: ಮೇಡಂ, ಮೇಡಂ! ಹಳೇ ಬಲ್ಬ್ ಹಾಕಿದ್ರ?

ಶಿಲ್ಪಶ್ರೀ: ಐದಕ್ಕ ಗೇಟ್ ಮುಚ್ಚತೈತಿ. ಇನ್ನು ಇಪ್ಪತ್ತು ನಿಮಿಷ ಐತಿ. ಅವು ಎಲ್ಲ್ಯದಾವು?

ಎರ್ರಿಯಪ್ಪ: ಹೊಸಪೇಟ್ಯಾಗ, ಕಸದ ಡಬ್ಬ್ಯಾಗ.

ತಾಯಕ್ಕ ಮುಂದೆ ಬಂದಳು. ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿ, ಅಂಗೈಯನ್ನು ಮುಂದೆ ಚಾಚಿದಳು. ಅಲ್ಲಿ ಹಳೆಯ ಬಲ್ಬುಗಳು, ಅವುಗಳ ಜೊತೆಗೆ ಎರಡು ಲವಂಗ. ಎರ್ರಿಯಪ್ಪ ಆ ಅಂಗೈಯನ್ನು ನೋಡಿದ ರೀತಿಯಲ್ಲಿ ಮದುವೆಯ ದಿನವೂ ನೋಡಿರಲಾರ.

ಎರ್ರಿಯಪ್ಪ: ನೀನು... ಇವನ್ನ ಯಾಕ ಇಟಗೊಂಡಿ?

ತಾಯಕ್ಕ: ಉರಿಯೋ ದೀಪ ಯಾಕ ಒಗೀಬೇಕು? ಲವಂಗ ಬಿಟ್ಟು ಬಲ್ಬ್ ತಗೊಳ್ರಿ.

ಎರ್ರಿಯಪ್ಪ ಜೀಪಿನೊಳಗೆ ಅಂಗಾತ ಮಲಗಿ, ಮೀಟರ್ ಬೋರ್ಡಿನ ಕೆಳಕ್ಕೆ ತಲೆಯನ್ನು ತೂರಿಸಿದ. ಅಂಗಳದಲ್ಲಿ ನಿಂತವರಿಗೆ ಆತನ ಎರಡು ಪಾದಗಳು ಮಾತ್ರ ಕಾಣಿಸುತ್ತಿದ್ದವು. ಆ ಪಾದಗಳು ಆಗಾಗ ಒದೆಯುತ್ತಿದ್ದವು. ಆಗಾಗ ದೇವರನ್ನು ನೆನೆಯುವ ಧ್ವನಿಯೂ ಒಳಗಿನಿಂದ ಬರುತ್ತಿತ್ತು. ಕಡೆಗೆ ಮುಖದ ತುಂಬ ದೂಳಿನೊಂದಿಗೆ ಎದ್ದು, ಕೀಲಿಯನ್ನು ತಿರುಗಿಸಿದ. ಒಂದು, ಎರಡು, ಮೂರು: ಮೂರು ಕೆಂಪು ದೀಪಗಳೂ ಹತ್ತಿದವು.

ಎರ್ರಿಯಪ್ಪ: ಹತ್ತಿದ್ವು! ಲೇ ಸುಂಕಪ್ಪ, ಮೂರೂ ಹತ್ತ್ಯಾವು ನೋಡೋ!

ಸುಂಕಪ್ಪ: ಒಂದೂ ಹತ್ತಬಾರದು ಅಂತಿದ್ದಾವ, ಮೂರು ಹತ್ತಿದ್ದಕ್ಕ ಕುಣೀತಾನಲ್ಲ!

ಶಿಲ್ಪಶ್ರೀ: ಈಗ ಸ್ಟಾರ್ಟ್ ಮಾಡ್ರಿ. ಬ್ಯಾಟರಿ ಆರಿತು. ಹ್ಯಾಂಡ್ ಬ್ರೇಕ್ ಬಿಡ್ರಿ. ಅದೂ ಆರಿತು. ಇದು?

ಎಣ್ಣೆಯ ದೀಪ ಆರಲಿಲ್ಲ. ಎರಡು ತಿಂಗಳ ಕಾಲ ಬೊಟ್ಟಿನ ಹಿಂದೆ ಕುಳಿತಿದ್ದ ಅದು ಈಗ ಎಲ್ಲರ ಮುಂದೆ ತನ್ನ ದೂರನ್ನು ಹೇಳಿಕೊಳ್ಳುತ್ತಿತ್ತು.

ಎರ್ರಿಯಪ್ಪ: ಅದು ಮೇಡಂ... ನಮ್ಮ ಮನಿ ದೇವ್ರ...

ತಾಯಕ್ಕ: ದೇವ್ರ ಹೆಸರು ತಗೊಂಡ್ರ ನಾನು ಇಲ್ಲಿಂದ ನಡಕೊಂಡು ಹೊಸಪೇಟಿಗೆ ಹೋಗ್ತೀನಿ.

ಶಿಲ್ಪಶ್ರೀ: ಇಂಜಿನ್ ಬಂದ್ ಮಾಡ್ರಿ, ಜಲ್ದಿ! ಬಾನೆಟ್ ಎತ್ರಿ. ಇಂಜಿನ್ ಆಯಿಲ್ ಯಾವಾಗ ನೋಡಿದ್ರಿ?

ಎರ್ರಿಯಪ್ಪ: ನೋಡೀನಲ್ಲ ಮೇಡಂ. ಹೋದ... ಹಬ್ಬಕ್ಕ ಗಾಡಿ ತೊಳದಾಗ.

ಶಿಲ್ಪಶ್ರೀ: ಯಾವ ಹಬ್ಬ?

ಎರ್ರಿಯಪ್ಪ: ಅದನ್ನ ನೆನಸಾಕತ್ತೀನಿ.

ಶಿಲ್ಪಶ್ರೀ ಕೆಲ ಹೊತ್ತು ಬಿಟ್ಟು, ಎಣ್ಣೆಯನ್ನು ಅಳೆಯುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದಳು. ಕಡ್ಡಿಯ ತುದಿಯಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಕಪ್ಪು. ಉಳಿದದ್ದೆಲ್ಲ ಒಣ.

ಶಿಲ್ಪಶ್ರೀ: ನೋಡ್ರಿ. ಆಯಿಲ್ ತಳ ಕಂಡೈತಿ. ಇನ್ನೊಂದು ಐವತ್ತು ಕಿಲೋಮೀಟರ್ ಹೊಡದಿದ್ರ ಇಂಜಿನ್ ಒಳಗೇ ಬಿಗದು, ಸೀಜ್ ಆಗಿ ನಡು ಹಾದ್ಯಾಗ ನಿಂತಿರ್ತಿತ್ತು. ಒಳಗ ನಮ್ಮ ಹನ್ನೆರಡು ಮಂದಿ ಕೆಲಸಗಾರರು, ಹಿಂದ ಅದಿರಿನ ಲಾರಿ. ಈ ಲೈಟು ಯಾಕ ಹತ್ತೈತಿ ಅಂತ ಯಾರೂ ಕೇಳಲಿಲ್ಲೇನ್ರಿ?

ಎರ್ರಿಯಪ್ಪ ಸುತ್ತಲೂ ಬೇವಿನ ಮರವನ್ನು ಹುಡುಕಿದ. ಗಣಿಯ ಅಂಗಳದಲ್ಲಿ ಮರವಿರಲಿಲ್ಲ.

ತಾಯಕ್ಕ: ಮುಂಜಾನಿಂದ ಮೂರು ಸಲ ಕೇಳೀನಿ ಮೇಡಂ. ಒಮ್ಮೆ ಸುಮ್ಕ ಕುಂದ್ರು ಅಂದ್ರು. ಒಮ್ಮೆ ವಯಸ್ಸಾಗೈತಿ ಅಂದ್ರು. ಒಮ್ಮೆ ಏನೂ ಅನ್ನಲಿಲ್ಲ.

ಎರ್ರಿಯಪ್ಪ: ಆ ಹನುಮೇಶ ಇನ್ನರ್ಧ ಮೆಕ್ಯಾನಿಕ್‌ಗೆ ಬರ್ತೈತಿ ಅಂದ ಮೇಡಂ...

ಶಿಲ್ಪಶ್ರೀ: ಎರಡು ಕ್ಯಾನ್ ಆಯಿಲ್ ಹಾಕಾಕ ಮೆಕ್ಯಾನಿಕ್ ಬೇಕೇನ್ರಿ?

ಸುಂಕಪ್ಪ ತನ್ನ ಗಾಡಿಯಿಂದ ಎಣ್ಣೆಯ ಕ್ಯಾನುಗಳನ್ನು ತಂದುಕೊಟ್ಟ. ಅರ್ಧ ಮಾತು ಹೇಳಿದ ತಪ್ಪಿಗೆ ಪೂರ್ತಿ ಕ್ಯಾನು ಕೊಡುವುದು ನ್ಯಾಯವೆಂದು ಅವನಿಗೂ ಅನ್ನಿಸಿರಬೇಕು. ಇಂಜಿನ್ ಗಟಗಟ ಕುಡಿಯಿತು. ಎರ್ರಿಯಪ್ಪ ಕೀಲಿಯನ್ನು ತಿರುಗಿಸಿ, ಈ ಬಾರಿ ನಡುವೆ ನಿಂತು ನೋಡಿದ. ಮೂರೂ ಹತ್ತಿದವು. ಇಂಜಿನ್ ಚಾಲೂ ಆಯಿತು. ಬ್ಯಾಟರಿಯದು ಆರಿತು, ಹ್ಯಾಂಡ್ ಬ್ರೇಕಿನದು ಆರಿತು, ಒಂದೆರಡು ಗಳಿಗೆ ಯೋಚಿಸಿ ಎಣ್ಣೆಯದೂ ಆರಿತು. ಟಕಟಕ ಸದ್ದೂ ಇಳಿಯಿತು.

ಎರ್ರಿಯಪ್ಪ: ಆರಿತು... ಬೊಟ್ಟಿಲ್ಲದ ಆರಿತು!

ಶಿಲ್ಪಶ್ರೀ: ಗಾಡಿ ಪಾಸ್. ತಿಂಗಳಿಗೊಮ್ಮೆ ಬಂದು ತೋರಿಸ್ಬೇಕು. ಓನರ್ ಸಹಿ ಹಾಕ್ರಿ.

ಎರ್ರಿಯಪ್ಪ ಪೆನ್ನಿಗೆ ಕೈ ಚಾಚಿದ. ಶಿಲ್ಪಶ್ರೀ ಆರ್‌ಸಿಯನ್ನು ಓದಿ, ಪೆನ್ನನ್ನು ಆತನ ಕೈಯನ್ನು ದಾಟಿಸಿ ತಾಯಕ್ಕನಿಗೆ ಕೊಟ್ಟಳು. ತಾಯಕ್ಕ ಒಂದೊಂದೇ ಅಕ್ಷರವನ್ನು ರೊಟ್ಟಿ ತಟ್ಟಿದಂತೆ ಗುಂಡಗೆ ಬರೆದಳು.

ಶಿಲ್ಪಶ್ರೀ: ಇನ್ನು ಡ್ರೈವರ್ ಹೆಸರು. ಯಾರನ್ನ ಹಾಕ್ತೀರಿ ಅಕ್ಕಾರ?

ಎರ್ರಿಯಪ್ಪ: ಯಾರನ್ನ ಅಂದ್ರ? ನಾನ...

ಶಿಲ್ಪಶ್ರೀ: ಓನರ್ ಹೇಳ್ಬೇಕ್ರಿ. ಗಾಡಿ ಅಷ್ಟ ಪಾಸಾಗೈತಿ. ಡ್ರೈವರ್ ಇನ್ನಾ ಆಗಿಲ್ಲ.

ತಾಯಕ್ಕ: ನೋಡ್ಬೇಕ್ರಿ ಮೇಡಂ. ಒಬ್ಬರು ಅದಾರ, ಅನುಭವ ಭಾಳ ಐತಿ. ಕಣ್ಣು ಛಲೋ ಅದಾವು, ಆದ್ರ ಕಂಡದ್ದನ್ನ ಮುಚ್ಚೋ ಚಟ ಐತಿ.

ಎರ್ರಿಯಪ್ಪ: ಮಂದಿ ಮುಂದ ಯಾಕ ಹಿಂಗ ಮಾಡ್ತಿ? ಇನ್ನು ದಿನಾ ಮುಂಜಾನಿ ಕಡ್ಡಿ ಅದ್ದಿ ನೋಡ್ತೀನಿ. ನಿನಗ ತೋರಿಸಿನೇ ಗಾಡಿ ತಗೀತೀನಿ.

ತಾಯಕ್ಕ: ಗಂಗಾ?

ಎರ್ರಿಯಪ್ಪ: ಗಂಗಾ ಏನು?

ತಾಯಕ್ಕ: ಇವತ್ತ ಖಾನಾವಳಿಗೆ ಹೋಗಿ ಆಕಿ ಮುಂದ ನಿಂತು ಹೇಳ್ಬೇಕು, ಬೊಟ್ಟು ತಗೊಂಡದ್ದು ನಾನು ಅಂತ.

ಎರ್ರಿಯಪ್ಪ: ಉಣ್ಣೋರು ಕುಂತಿರ್ತಾರಲ್ಲೇ! ಸ್ಟ್ಯಾಂಡಿನ ಡ್ರೈವರ್‌ಗಳೆಲ್ಲ...

ತಾಯಕ್ಕ: ಮೇಡಂ, ಬ್ಯಾರೆ ಡ್ರೈವರ್ ಯಾರರೆ ಗೊತ್ತದಾರೇನ್ರಿ?

ಎರ್ರಿಯಪ್ಪ: ಹೇಳ್ತೀನಿ! ಗಟ್ಟಿಯಾಗಿ ಹೇಳ್ತೀನಿ.

ಸುಂಕಪ್ಪ: ಇವತ್ತ ಊಟ ಅಲ್ಲೇ ಮಾಡ್ತೀನಿ ನಾನು. ಜಾಗ ಹಿಡೀರಿ.

ಡ್ರೈವರ್ ಎಂಬ ಸಾಲಿನಲ್ಲಿ ಎರ್ರಿಯಪ್ಪನ ಹೆಸರು ಬಿದ್ದಿತು. ಐದಕ್ಕೆ ಎರಡು ನಿಮಿಷವಿರುವಾಗ ಜೀಪು ಗೇಟನ್ನು ದಾಟಿತು. ಗುಡ್ಡದ ಮೇಲಿನ ಇಳಿಬಿಸಿಲು ದೂಳಿನ ಮೇಲೆ ಬಿದ್ದು, ಜ್ವರ ಬಿಟ್ಟ ಮಗುವಿನ ಮುಖದಂತೆ ಜೀಪು ಕಳೆಗೊಂಡಿತ್ತು. ಎರ್ರಿಯಪ್ಪ ಎರಡು ತಿರುವುಗಳನ್ನು ದಾಟಿಸಿದ. ತಾಯಕ್ಕ ಪಕ್ಕದ ಸೀಟಿನಿಂದ ರಸ್ತೆಯನ್ನು ಕಾಯುತ್ತಿದ್ದಳು.

ತಾಯಕ್ಕ: ಮುಂದ ಹಂಪ್ ಐತಿ.

ಎರ್ರಿಯಪ್ಪ: ಕಂಡೈತಿ.

ತಾಯಕ್ಕ: ಲಾರಿ ಹಿಂದ ಭಾಳ ಸನೇಕ ಹೋಗಬ್ಯಾಡ್ರಿ.

ಎರ್ರಿಯಪ್ಪ: ಹೋಗವಲ್ಲೆ.

ತಾಯಕ್ಕ: ಇಂಡಿಕೇಟರ್ ಹಂಗೇ ಬಡಕೊಳ್ಳಾಕತ್ತೈತಿ. ತಿರುವು ಎಂದೋ ಹೋತು.

ಎರ್ರಿಯಪ್ಪ: ಅಯ್ಯ! ಬೋರ್ಡಿನ ಮ್ಯಾಲೆ ಕೆಂಪು ಲೈಟು ಮೂರು ಅಂದ್ರು ಮೇಡಂ. ಲೆಕ್ಕ ತಪ್ಪಿದ್ರು. ನಾಕನೇದು ಪಕ್ಕದ ಸೀಟಿನ್ಯಾಗ ಕುಂತೈತಿ.

ತಾಯಕ್ಕ: ಅದಕ್ಕೂ ಒಂದು ಬೊಟ್ಟು ಹಚ್ರಿ ಮತ್ತ. ಇಲ್ಲೊಂದು ಉಳದೈತಿ, ಗಡಿಯಾರಕ್ಕ.

ಎರ್ರಿಯಪ್ಪ: ಮೂವತ್ತು ವರ್ಷದಿಂದ ಹಣಿಗೆ ಹಚ್ಚೇ ಐತಲ್ಲ! ಒಂದಿನರೆ ಲೈಟು ಆರೈತೇನು?

ತಾಯಕ್ಕ ಕನ್ನಡಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಹಣೆಯ ಬೊಟ್ಟನ್ನು ಸರಿಮಾಡಿಕೊಂಡಳು.

ತಾಯಕ್ಕ: ಆರಿದ್ರ ನಿಮ್ಮ ಇಂಜಿನ್ ಎಂದೋ ಸೀಜ್ ಆಗಿರ್ತಿತ್ತು.